ಉದಾಹರಣೆ ಸಹಿತ ವಿವರಿಸಿ

೪ ಆಗಸ್ಟ್ ೨೦೨೫, ಸೋಮವಾರ

ಈ ಡೈರಿ ಕಂಪೆನಿ ಜನವರಿಯಲ್ಲಿ ಕೊಟ್ಟದ್ದು. ರಟ್ಟಿನ ಮೇಲೆ ಸಿಗಡಿಯ ಚಿತ್ರ. ಏಳು ತಿಂಗಳು ಇದರಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಕು ಬಿಟ್ಟರೆ ಬೇರೇನೂ ಬರೆದಿಲ್ಲ. ಇವತ್ತು ಬರೆಯುವುದು ಯಾಕೆಂದರೆ ಯಾರಿಗಾದರೂ ಬೈಯಬೇಕು, ಬೈಯಬೇಕಾದವರೆಲ್ಲ ನನಗಿಂತ ಮೇಲಿನ ಕುರ್ಚಿಯಲ್ಲಿದ್ದಾರೆ.

ಬೆಳಿಗ್ಗೆ ಜಾಬಿರ್ ಸರ್ ಕ್ಯಾಬಿನ್‌ಗೆ ಕರೆದರು. ಸಿಗಡಿ, ಬೊಂಡಾಸ್ ಮೀನು ಯುರೋಪಿಗೆ ಕಳಿಸುವ ನಮ್ಮ ರಫ್ತು ಕಂಪೆನಿಯ ಯಜಮಾನ ಮೊಯ್ದೀನಬ್ಬ ಹಾಜಿಯವರ ಮಗ. ದುಬೈಯಿಂದ ಬಂದು ಎರಡು ವರ್ಷ ಆಯಿತು. ಹತ್ತನೇ ಕ್ಲಾಸಿನಲ್ಲಿದ್ದಾಗ ಇವನ ಕನ್ನಡ ಪ್ರಬಂಧಗಳನ್ನು ಬರೆದುಕೊಟ್ಟವಳು ನಾನು. ಈಗ ಬಹುವಚನ.

"ಸ್ವರ್ಣಕ್ಕ, ಜನವರಿಯಿಂದ ಯುರೋಪಿನವರದ್ದು ಎಲ್ಲ ಕಂಪ್ಯೂಟರ್‌ನಲ್ಲಿ. ಯಾವ ಬೋಟು, ಎಲ್ಲಿ ಹಿಡಿದದ್ದು, ಯಾರು ಹಿಡಿದದ್ದು, ಒಂದು ತಪ್ಪಿದರೆ ಕಂಟೇನರ್ ವಾಪಸ್. ಡಾಕ್ಯುಮೆಂಟೇಶನ್ ಸೀಟಿನಲ್ಲಿ ಕೂರುವವರಿಗೆ ಅವರ ಕಾನೂನಿನ ಸರ್ಟಿಫಿಕೇಟ್ ಬೇಕು ಅಂತ ಖರೀದಿ ಪಾರ್ಟಿಯವರು ಹೇಳ್ತಿದ್ದಾರೆ. ನವೆಂಬರ್‌ನಲ್ಲಿ ಪರೀಕ್ಷೆ ಉಂಟು. ನೂರಕ್ಕೆ ಅರುವತ್ತು ಬಂದರೆ ಪಾಸ್."

"ಆಗದಿದ್ದರೆ?"

"ಹಾಗೆಲ್ಲ ಆಲೋಚನೆ ಮಾಡ್ಬೇಡಿ. ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಜಾಗ ಇದ್ದೇ ಉಂಟಲ್ಲ."

ಹದಿನಾಲ್ಕು ವರ್ಷ ಬಲ್ಮಠದ ಆಫೀಸಿನ ಮೂರನೇ ಮಹಡಿಯಲ್ಲಿ ಕುಳಿತು ಕಾಗದ ಬರೆದವಳು, ನಲ್ವತ್ತಾರನೇ ವಯಸ್ಸಿನಲ್ಲಿ ಗಂಬೂಟು ಹಾಕಿ ಮಂಜುಗಡ್ಡೆಯಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಇಪ್ಪತ್ತೇಳು ದೇಶಗಳ ಕಾನೂನು ಕಲಿಯಬೇಕು. ಕನ್ನಡ ಮೀಡಿಯಂ ಬಿ.ಎ.ಗೆ ಎರಡೂ ತಣ್ಣಗೇ.

ಬ್ರಸೆಲ್ಸ್‌ನವರ ತಟ್ಟೆಗೆ ನಮ್ಮ ಬೊಂಡಾಸ್,
ನಮ್ಮ ತಲೆಗೆ ಅವರ ಕ್ಲಾಸ್.

೧೯ ಆಗಸ್ಟ್, ಮಂಗಳವಾರ

ಪಾಠ ಮೊಬೈಲಿನಲ್ಲಿ ಬರುತ್ತದೆ. ಒಬ್ಬರು ಬಿಳಿಯ ಗಡ್ಡದವರು ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ, ನಾನು ಅದರ ಹಿಂದೆ ಓಡುತ್ತೇನೆ. ಮಗಳು ದೀಕ್ಷಿತಾ ಪಕ್ಕದಲ್ಲಿ ಕುಳಿತು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳುತ್ತಾಳೆ. ಡಿಗ್ರಿ ಎರಡನೇ ವರ್ಷ. ತಾಯಿಗೆ ಪಾಠ ಹೇಳುವ ಅವಕಾಶವನ್ನು ಬಹಳ ಸಂತೋಷದಿಂದ ಅನುಭವಿಸುತ್ತಿದ್ದಾಳೆ.

"ಅಮ್ಮ, ರೆಗ್ಯುಲೇಶನ್‌ಗೂ ಡೈರೆಕ್ಟಿವ್‌ಗೂ ವ್ಯತ್ಯಾಸ ಎಂತ? ನಿನ್ನೆ ಹೇಳಿದ್ದೇನೆ."

ಹೇಳಿದೆ. ಈ ಯುರೋಪಿನ ಒಕ್ಕೂಟ ನಮ್ಮ ಅಳಿಯಕಟ್ಟಿನ ಕುಟುಂಬದ ಹಾಗೆ. ಒಲೆ ಬೇರೆ ಬೇರೆ, ಯಜಮಾನ ಒಬ್ಬ. ರೆಗ್ಯುಲೇಶನ್ ಎಂದರೆ ಯಜಮಾನ ಬಾಯಿ ಬಿಟ್ಟ ಗಳಿಗೆಯಿಂದಲೇ ಎಲ್ಲ ಒಲೆಗೂ ಜಾರಿ. ಡೈರೆಕ್ಟಿವ್ ಎಂದರೆ ಇಷ್ಟು ದಿನದೊಳಗೆ ಇಂಥದ್ದು ಆಗಬೇಕು, ಹೇಗೆ ಮಾಡುತ್ತೀರೋ ನಿಮ್ಮ ಪಾಡು. ರೆಕಮಂಡೇಶನ್ ಎಂದರೆ ಅಜ್ಜಿ ಹೇಳಿದ್ದು. ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಮಾಡುವುದಿಲ್ಲ.

ಅವಳು ನಕ್ಕು ನಕ್ಕು ಚಾಪೆಯ ಮೇಲೆ ಬಿದ್ದಳು. "ಮತ್ತೆ ಬ್ರಿಟನ್?"

"ಪಾಲು ಕೇಳಿ ಹೊರಟ ಬ್ರಿಟನ್, ಈಗ ಗೇಟಿನಲ್ಲಿ ನಿಂತು ಒತ್ತುತ್ತದೆ ಬೆಲ್ಲಿನ ಬಟನ್."

ನಗುವುದೇನೋ ಸರಿ. ಅವರ ಸಂಸತ್ತಿಗೆ ನನ್ನ ಓಟಿಲ್ಲ, ಅವರ ಕಾನೂನಿಗೆ ಮಾತ್ರ ನನ್ನ ತಲೆ ಉಂಟು.

೭ ಸೆಪ್ಟೆಂಬರ್, ಭಾನುವಾರ

ಮೀನಿನ ಪ್ರಕರಣ ಶುರುವಾಯಿತು. ಸಾವಿರದ ಐದು ಬಾರ್ ಎರಡು ಸಾವಿರದ ಎಂಟು. ಇದು ಕಾನೂನಿನ ಹೆಸರು. ಮಕ್ಕಳಿಗೆ ಹೆಸರಿಡಲು ಬಾರದವರು ನಂಬರ್ ಇಟ್ಟ ಹಾಗೆ. ಅದರ ಕಲಂ ಹನ್ನೆರಡರ ಪ್ರಕಾರ, ಹಿಡಿದ ಬೋಟಿನ ಪ್ರಮಾಣಪತ್ರ ಇಲ್ಲದ ಮೀನು ಅವರ ಬಂದರಿಗೆ ಕಾಲಿಡುವ ಹಾಗಿಲ್ಲ. ಮೀನಿಗೆ ಕಾಲಿಲ್ಲ ಎಂಬುದು ಬೇರೆ ಮಾತು.

ಮೀನಿಗೂ ಬೇಕು ಜಾತಕ,
ಬರೆಯದಿದ್ದರೆ ಪಾತಕ.

ಈ ಪ್ರಮಾಣಪತ್ರಗಳನ್ನು ವರ್ಷಗಟ್ಟಲೆ ತುಂಬಿದ್ದೇನೆ. ಒಂದು ಕಾಲಂ ಉಂಟು: ನಡುಸಮುದ್ರದಲ್ಲಿ ಬೇರೆ ಬೋಟಿನಿಂದ ಮೀನು ದಾಟಿ ಬಂದಿದೆಯೇ? ಪ್ರತಿ ಸಲ 'ಇಲ್ಲ' ಎಂದು ಬರೆದಿದ್ದೇನೆ. ಯಾಕೆ ಕೇಳುತ್ತಾರೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಈಗ ಗೊತ್ತಾಯಿತು. ಕಳ್ಳ ಬೋಟಿನ ಮೀನು ಒಳ್ಳೆಯ ಬೋಟಿನ ಹೊಟ್ಟೆಗೆ ಸೇರಿದರೆ ಕಳ್ಳತನ ತೊಳೆದುಹೋಗುತ್ತದಂತೆ. ಹೇಳದೆ ದಾಟಿಸಿದರೆ ಎರಡೂ ಬೋಟು ಹೊರಗೆ. ಆಲೋಚನೆ ಮಾಡಿದರೆ ಸರಿಯಾದ ಮಾತೇ.

೫ ಅಕ್ಟೋಬರ್, ಭಾನುವಾರ

ತಮ್ಮ ಕಮಲೇಶ ಬೆಂಗ್ರೆಯಿಂದ ಬಂದ, ಕೈಯಲ್ಲಿ ಬಂಗುಡೆ ಮೀನಿನ ಕಟ್ಟು ಹಿಡಿದು. ಶಕ್ತಿನಗರದ ಈ ಬಾಡಿಗೆ ಮನೆಗೆ ಅವನು ಬರುವುದೆಂದರೆ ಮಗಳಿಗೆ ಹಬ್ಬ. ನಾವು ತುಳುವಿನಲ್ಲಿ ಮಾತಾಡಿದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಳೆದ ವಾರ ಅವನ ಬೋಟು 'ಬೊಬ್ಬರ್ಯ ಕೃಪಾ'ದ ಬಲೆ ಸಮುದ್ರದ ತಳದಲ್ಲಿ ಏನಕ್ಕೋ ಸಿಕ್ಕಿ ಪೂರ್ತಿ ಹರಿದುಹೋಯಿತು. ಆರು ದಿನದ ಡೀಸೆಲ್, ಎಂಟು ಜನರ ಊಟ, ಹಿಡಿದದ್ದು ಸೊನ್ನೆ.

"ಮತ್ತೆ ಬರಿಗೈಯಲ್ಲಿ ಬಂದಿಯಾ?"

"ಎಂತ ಬರಿಗೈ ಅಕ್ಕ? ನಾಲ್ಕು ಬೋಟಿನವರು ಬುಟ್ಟಿ ಕೊಟ್ಟರು. ಹಾಶಿಂ ಒಬ್ಬನೇ ಎರಡು ಕೊಟ್ಟ. 'ತಗೊ ಮಾರಾಯ, ನಾಳೆ ನನ್ನ ಬಲೆಯೂ ಹರಿಯುತ್ತದೆ' ಅಂದ."

ನಮ್ಮಲ್ಲಿ ಇದೊಂದು ಕ್ರಮ. ಬಲೆ ಹೋದ ಬೋಟು, ಇಂಜಿನ್ ಕೆಟ್ಟ ಬೋಟು, ಸಾವು ಕಂಡ ಬೋಟು ಖಾಲಿಯಾಗಿ ಬಂದರಿನ ದಕ್ಕೆಗೆ ಬರಬಾರದು. ಹತ್ತಿರ ಇದ್ದವರು ಒಂದೊಂದು ಬುಟ್ಟಿ ಮೀನು ದಾಟಿಸುತ್ತಾರೆ. ದಕ್ಕೆಯಲ್ಲಿ ಆ ಬುಟ್ಟಿಗೆ ಯಾರೂ ಚೌಕಾಸಿ ಮಾಡುವುದಿಲ್ಲ, ಕೊಟ್ಟವರು ಯಾರೆಂದು ಕೇಳುವುದೂ ಇಲ್ಲ. ಬ್ಯಾರಿಯ ಬೋಟು, ಮೊಗವೀರರ ಬೋಟು ಎಂಬ ಭೇದ ಇಲ್ಲ.

ಮಗಳಿಗೆ ಮೀನಿನ ಮುಳ್ಳು ತೆಗೆದುಕೊಡುತ್ತ ಅವನು ನಗುತ್ತಿದ್ದ. ನನಗೆ ಮಾತ್ರ ಒಂದು ವಿಷಯ ತಲೆಗೆ ಬಂತು. ಆ ಬುಟ್ಟಿಗಳಲ್ಲಿದ್ದ ಬೊಂಡಾಸ್ ಬಂದದ್ದು ನಮ್ಮ ಕಂಪೆನಿಗೇ. ಕಾಗದ ಬರೆದದ್ದು ನಾನೇ. ಕಾಲಂನಲ್ಲಿ 'ಇಲ್ಲ' ಎಂದು ಬರೆದದ್ದೂ ನಾನೇ.

ಅವನಿಗೆ ಹೇಳಿದೆ. "ಇದು ತಪ್ಪು ಗೊತ್ತುಂಟಾ? ಕಾನೂನಿನಲ್ಲಿ ಇದಕ್ಕೆ ಟ್ರಾನ್ಸ್‌ಶಿಪ್‌ಮೆಂಟ್ ಅಂತ ಹೆಸರು."

"ಹೆಸರು ಚೆಂದ ಉಂಟು" ಎಂದ. "ಮುಂದಿನ ಬೋಟಿಗೆ ಇಡುವ."

೨ ನವೆಂಬರ್, ಭಾನುವಾರ

ಇವರು, ದೀಕ್ಷಿತಾಳ ಅಪ್ಪ, ಹೋಗಿ ಇಂದಿಗೆ ಹದಿನಾಲ್ಕು ವರ್ಷ. ಕಮಲೇಶನ ಬೋಟಿನಲ್ಲಿಯೇ ಇದ್ದರು. ಬಲೆ ಎಳೆಯುವ ವಿಂಚಿನ ಹಗ್ಗ ಕಡಿದು ಎದೆಗೆ ಹೊಡೆಯಿತು. ಬೋಟು ವಾಪಸ್ ಬರುವಾಗ ಒಳಗೆ ಇವರಿದ್ದರು, ಹನ್ನೊಂದು ಬೋಟಿನ ಹನ್ನೊಂದು ಬುಟ್ಟಿ ಇತ್ತು. ನಾನು ದಕ್ಕೆಗೆ ಹೋಗಿರಲಿಲ್ಲ. ಯಾರೋ ಒಬ್ಬರು ಕೇಳಿದ್ದಕ್ಕಿಂತ ಮೇಲೆ ಕೊಟ್ಟು ಹನ್ನೊಂದನ್ನೂ ತೆಗೆದುಕೊಂಡರಂತೆ. ಆ ವರ್ಷ ದೀಕ್ಷಿತಾಳನ್ನು ಶಾಲೆಗೆ ಸೇರಿಸಿದ್ದು ಅದರಲ್ಲಿ. ಮರು ತಿಂಗಳು ಹಾಜಿಯವರು ಕರೆಸಿ ಕೆಲಸ ಕೊಟ್ಟರು. ನನ್ನ ಅಕ್ಷರ ಒಳ್ಳೆಯದಿತ್ತು.

ಬೆಳಿಗ್ಗೆ ಹೂ ಹಾಕಿ ದೀಪ ಇಟ್ಟೆ. ಮತ್ತೆ ನಾಲ್ಕು ಗಂಟೆ ಓದಿದೆ. ಕಲಂ ಮೂರು ಕಂಠಪಾಠ ಆಯಿತು.

೧೫ ನವೆಂಬರ್, ಶನಿವಾರ

ಪರೀಕ್ಷೆ ಮುಗಿಯಿತು. ಮನೆಯಲ್ಲೇ ಕುಳಿತು ಮೂರು ಗಂಟೆ, ಮಗಳ ಲ್ಯಾಪ್‌ಟಾಪ್‌ನಲ್ಲಿ. ಕ್ಯಾಮೆರಾ ನೋಡುತ್ತಿರುತ್ತದೆ. ಕಣ್ಣು ಆಚೆ ಈಚೆ ಹೋದರೆ ಕಾಪಿ ಎಂದು ಲೆಕ್ಕ. ದೇವರ ಫೋಟೊ ಗೋಡೆಯ ಬಲಗಡೆ ಇರುವುದರಿಂದ ದೇವರನ್ನೂ ನೆನೆಯುವ ಹಾಗಿರಲಿಲ್ಲ.

ನಾಲ್ಕನೇ ಪ್ರಶ್ನೆ ಇಪ್ಪತ್ತು ಮಾರ್ಕಿನದು. ಹೇಳದೆ ಮೀನು ದಾಟಿಸುವುದರ ಬಗ್ಗೆ, ನಿಮ್ಮ ಅನುಭವದ ಉದಾಹರಣೆ ಸಹಿತ ವಿವರಿಸಿ. ಓದಿದ ಕೂಡಲೇ ನಮ್ಮ ಇತಿಹಾಸದ ಲೆಕ್ಚರರ್ ನೆನಪಾದರು. ಹೆಸರು, ಇಸವಿ ಇಲ್ಲದ ಉತ್ತರಕ್ಕೆ ಅರ್ಧ ಮಾರ್ಕು ಎಂದು ಮೂರು ವರ್ಷ ಬೊಬ್ಬೆ ಹಾಕಿದವರು. ಪುಟ ಮುಗಿಯುವಷ್ಟು ಬರೆದೆ. ಊರಿನ ಕ್ರಮ, ಬುಟ್ಟಿ ಎಷ್ಟು, ತಾರೀಕು, ಬೋಟಿನ ಹೆಸರು, ನೋಂದಣಿ ನಂಬರ್. ಇದು ಯಾವ ಕಲಮಿನ ಉಲ್ಲಂಘನೆ, ತಡೆಯುವುದು ಹೇಗೆ, ಎಲ್ಲ.

"ಅಮ್ಮ, ಮಾಮನ ಬೋಟಿನ ಹೆಸರು ಯಾಕೆ ಹಾಕಿದ್ದು?" ಎಂದಳು ಮಗಳು, ಊಟದ ಹೊತ್ತಿಗೆ ನಾನು ಬರೆದದ್ದನ್ನೆಲ್ಲ ಹೇಳಿದಾಗ.

"ಉತ್ತರಪತ್ರಿಕೆ ಮಗಾ. ಮಾರ್ಕು ಹಾಕುತ್ತಾರೆ, ಕಟ್ಟು ಕಟ್ಟಿ ಇಡುತ್ತಾರೆ, ಮೂರು ವರ್ಷ ಕಳೆದು ಗುಜರಿಗೆ ಹಾಕುತ್ತಾರೆ. ನನ್ನ ಬಿ.ಎ. ಪೇಪರಿನಲ್ಲಿ ಎಷ್ಟು ರಾಜರಿಗೆ ಬೈದಿದ್ದೇನೆ, ಒಬ್ಬನಾದರೂ ಕೇಳಲು ಬಂದನಾ?"

ಅವಳು ನಗಲಿಲ್ಲ. ಮಕ್ಕಳಿಗೆ ಪರೀಕ್ಷೆ ಬರೆಯುವ ಕ್ರಮ ಗೊತ್ತಿಲ್ಲ. ಎಲ್ಲ ಟಿಕ್ ಹಾಕಿ ಪಾಸಾದವರು.

೨೮ ನವೆಂಬರ್, ಶುಕ್ರವಾರ

ಎಂಬತ್ತೊಂದು!

ನಾಲ್ಕನೇ ಪ್ರಶ್ನೆಗೆ ಇಪ್ಪತ್ತಕ್ಕೆ ಹತ್ತೊಂಬತ್ತು. ಜಾಬಿರ್ ಸರ್ ಇಡೀ ಆಫೀಸಿಗೆ ಗಡ್‌ಬಡ್ ತರಿಸಿದರು. ಬಾಗಿಲಿಗೆ ಹೊಸ ಬೋರ್ಡು: ಕಂಪ್ಲಾಯನ್ಸ್ ಆಫೀಸರ್. ಹಾಜಿಯವರು ಈಗ ಆಫೀಸಿಗೆ ಬರುವುದು ಕಡಿಮೆ, ಇವತ್ತು ಕೋಲೂರಿ ಬಂದು ಬೋರ್ಡು ಮುಟ್ಟಿ ನೋಡಿದರು. "ಇದು ಎಂತ ಕೆಲಸ ಮಾರಾಯ್ತಿ?" ಎಂದು ಕೇಳಿದರು. ತಪ್ಪು ಹುಡುಕುವುದು ಎಂದೆ. "ಅಷ್ಟೆಯಾ? ಅದಕ್ಕೆ ಬೋರ್ಡು ಬೇಕಾ?" ಎಂದು ಐಸ್‌ಕ್ರೀಮ್ ತಿಂದು ಹೋದರು.

ಕಲಂ ಹನ್ನೆರಡು, ಕಣ್ಣು ಎರಡು,
ಕಲಿತರೆ ಯಾವುದೂ ಅಲ್ಲ ಬರಡು.

೯ ಡಿಸೆಂಬರ್, ಮಂಗಳವಾರ

ಪರೀಕ್ಷೆ ನಡೆಸಿದ ಸಂಸ್ಥೆಯಿಂದ ಮೇಲ್ ಬಂದಿದೆ. ಅವರೇ ಖರೀದಿ ಪಾರ್ಟಿಯ ಪರವಾಗಿ ತಪಾಸಣೆಯನ್ನೂ ಮಾಡುವವರಂತೆ. ನನಗೆ ಗೊತ್ತಿರಲಿಲ್ಲ. ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಉಂಟು, ಪರೀಕ್ಷೆಯ ಮೊದಲ ಪುಟದಲ್ಲಿಯೂ ಇತ್ತಂತೆ. 'ಬರೆದದ್ದೆಲ್ಲ ನಿಜ' ಎಂಬಲ್ಲಿ ನಾನು ಟಿಕ್ ಹಾಕಿದ್ದೇನಂತೆ.

೧. ನಾಲ್ಕನೇ ಉತ್ತರದ ಘಟನೆ ನಿಜವೇ?
೨. ನಿಜವಾದರೆ ಆ ಬೋಟನ್ನು ರಫ್ತಿಗೆ ಮೀನು ಕೊಡುವ ಬೋಟುಗಳ ಪಟ್ಟಿಯಿಂದ ಒಂದು ವರ್ಷ ತೆಗೆಯಬೇಕು, ಮೀನು ಕೊಟ್ಟ ನಾಲ್ಕು ಬೋಟುಗಳ ಹೆಸರು ಕಳಿಸಬೇಕು.
೩. ಕಲ್ಪಿಸಿ ಬರೆದದ್ದಾದರೆ ಹೇಳಿಕೆ ಸುಳ್ಳು, ಸರ್ಟಿಫಿಕೇಟ್ ರದ್ದು.

ಎರಡು ದಿನದೊಳಗೆ ಉತ್ತರ.

ಜಾಬಿರ್ ಸರ್ ಬೈಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಒಂದು ಲೈನ್ ಬರೀರಿ ಸ್ವರ್ಣಕ್ಕ. ಹೌದು ಅಂತಲೋ ಅಲ್ಲ ಅಂತಲೋ. ನಾನು ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಅದೂ ಒಂದು ಕೇಸ್."

ಹಾಜಿಯವರು ಫೋನ್ ಮಾಡಿದ್ದರು. "ಎಂತ ಮಾರಾಯ್ತಿ, ಬುಟ್ಟಿ ಕೊಟ್ಟದ್ದನ್ನು ಯಾರಾದರೂ ಬರೀತಾರಾ?"

ಪರೀಕ್ಷೆಯಲ್ಲಿ ಕೇಳಿದ್ದರು, ಬರೆದೆ. ಕೇಳಿದ ಪ್ರಶ್ನೆಗೆ ಉತ್ತರ ಬರೆಯುವುದು ತಪ್ಪೋ?

೧೧ ಡಿಸೆಂಬರ್, ಗುರುವಾರ

ಉತ್ತರ ಕಳಿಸಿದೆ. ಘಟನೆ ನಿಜ. ಉಳಿದ ನಾಲ್ಕು ಬೋಟುಗಳ ಹೆಸರು ತಿಳಿದಿಲ್ಲ.

ಬೇರೆ ದಾರಿ ಇರಲಿಲ್ಲ. 'ಕಲ್ಪನೆ' ಎಂದು ಬರೆದರೆ ಅದು ಸುಳ್ಳು ಹೇಳಿಕೆ. ಕಮಲೇಶನಿಗೆ ಒಂದು ವರ್ಷ ರಫ್ತಿನ ಮೀನು ಕೊಡಲಾಗುವುದಿಲ್ಲ, ಅಷ್ಟೇ. ಮೀನು ಮಾರಲು ಊರು ಇಲ್ಲವೇ, ಫಿಶ್‌ಮೀಲ್ ಫ್ಯಾಕ್ಟರಿ ಇಲ್ಲವೇ. ನಾನಾದರೆ ಈ ಸೀಟು ಬಿಟ್ಟರೆ ಮಂಜುಗಡ್ಡೆ. ಎರಡನ್ನೂ ತೂಗಿ ನೋಡಿದರೆ ಕ್ರಮ ಸಮಂಜಸವಾಗಿದೆ. ಒಕ್ಕೂಟದ ಕಾನೂನಿನಲ್ಲಿ ಇದಕ್ಕೊಂದು ತತ್ವವೇ ಉಂಟು, ತಪ್ಪಿನ ತೂಕಕ್ಕೆ ತಕ್ಕ ಕ್ರಮ, ಐದನೇ ಪಾಠ.

೧೪ ಡಿಸೆಂಬರ್, ಭಾನುವಾರ

ಕಮಲೇಶ ಬಂದ. ಕೈಯಲ್ಲಿ ಮೀನಿರಲಿಲ್ಲ. ಬೋಟನ್ನು ಪಟ್ಟಿಯಿಂದ ತೆಗೆದಿದೆ ಎಂದು ನಾನು ಕಳಿಸಿದ ಪತ್ರ ಇತ್ತು.

"'ಬೋಟಿನ ಮಾಲಕರಿಗೆ.' ನನಗಾ ಅಕ್ಕ ಇದು?"

"ಎಲ್ಲರಿಗೂ ಹಾಗೆಯೇ ಬರೆಯುವುದು. ಅದು ನಮೂನೆ."

"ಕೆಳಗೆ ಸಹಿ ನಿನ್ನದು. ಅದು ನಮೂನೆ ಅಲ್ಲ."

ಮೇಲ್‌ಗೆ ಏನೆಂದು ಉತ್ತರ ಕೊಟ್ಟೆ ಎಂದು ಹೇಳಿ, ನಾನು ವಿವರಿಸಿದೆ. ಕಳ್ಳ ಬೋಟುಗಳು ಯಾವುವು, ಸಮುದ್ರ ಹೇಗೆ ಬರಿದಾಗುತ್ತಿದೆ, ಪ್ರತಿ ಮೀನಿನ ಹಿಂದೆ ಒಂದು ಜಾಡು ಇರಬೇಕಾದದ್ದು ಯಾಕೆ. ಇದೆಲ್ಲ ಸುಳ್ಳಲ್ಲ. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿದ. ಶಾಲೆಯಲ್ಲಿಯೂ ಹಾಗೆಯೇ ಕುಳಿತಿರುತ್ತಿದ್ದ.

"ನಾಲ್ಕು ಬೋಟಿನ ಹೆಸರು ಗೊತ್ತಿಲ್ಲ ಅಂತ ಬರೆಯಲು ಬಂತಲ್ಲ ನಿನಗೆ" ಎಂದ. "ಹಾಶಿಂನದ್ದು ನಾನೇ ಹೇಳಿದ್ದೆ, ನಿನಗೆ ನೆನಪಿರಲಿಲ್ಲ. ನನ್ನದು ಮಾತ್ರ ನಂಬರ್ ಸಮೇತ ನೆನಪಿತ್ತು."

"ಅದು ಮೊದಲೇ ಉತ್ತರಪತ್ರಿಕೆಯಲ್ಲಿ ಇತ್ತು."

"ಎಷ್ಟು ಮಾರ್ಕು ಸಿಕ್ಕಿತು ಅಕ್ಕ, ನನಗೆ?"

ಹತ್ತೊಂಬತ್ತು ಎಂದೆ. ಕೇಳಿದನಲ್ಲ, ಹೇಳಿದೆ.

ಚಹಾ ಕುಡಿಯದೆ ಎದ್ದ. ದೀಕ್ಷಿತಾ ಬಸ್‌ಸ್ಟಾಪಿನವರೆಗೆ ಹೋಗಿ ಬಂದಳು. ಬಂದು ಪಾತ್ರೆ ತೊಳೆದಳು. ಮತ್ತೆ ಬೆನ್ನು ಹಾಕಿಯೇ ಹೇಳಿದಳು: "ಅಮ್ಮ, ನೀನು ಈಗ ಪ್ರಾಸ ಹೇಳುವುದೇ ಇಲ್ಲ."

ಸಮಯ ಎಲ್ಲಿ? ಹೊಸ ಸಿಸ್ಟಮಿನಲ್ಲಿ ಅರುವತ್ತೆರಡು ಬೋಟುಗಳ ವಿವರ ತುಂಬಲಿಕ್ಕುಂಟು.

೨೯ ಡಿಸೆಂಬರ್, ಸೋಮವಾರ

ದಕ್ಕೆಗೆ ತಪಾಸಣೆಗೆ ಹೋಗಿದ್ದೆ. ಮೊದಲೆಲ್ಲ "ಸ್ವರ್ಣಕ್ಕ, ಒಂದು ಪ್ರಾಸ ಹೇಳಿ" ಎಂದು ಹಲ್ಲು ಕಿರಿಯುತ್ತಿದ್ದವರು ಈಗ ಎದ್ದು ನಿಂತು ಮೇಡಂ ಎನ್ನುತ್ತಾರೆ. ಎಲ್ಲರ ಮೀನಿನ ಲೆಕ್ಕದ ಪುಸ್ತಕವೂ ಅಚ್ಚುಕಟ್ಟು. ಸುಧಾರಣೆ ಕಾಣುತ್ತಿದೆ.

೧೨ ಜನವರಿ ೨೦೨೬, ಸೋಮವಾರ

ಹೊಸ ಡೈರಿ ಬಂದಿದೆ, ಅದರ ಮೇಲೂ ಸಿಗಡಿ. ಹಳೆಯದರ ಕೊನೆಯಲ್ಲಿ ಖಾಲಿ ಹಾಳೆಗಳಿವೆ, ಹಾಗಾಗಿ ಇದರಲ್ಲಿಯೇ ಬರೆಯುತ್ತೇನೆ.

ನಿನ್ನೆ ಹಾಶಿಂನ ಬೋಟು ಬಂತು. ಅಡುಗೆಯವ ಎದೆನೋವಿನಿಂದ ನಡುಸಮುದ್ರದಲ್ಲಿ ತೀರಿಕೊಂಡಿದ್ದ. ಮೂರನೇ ದಿನಕ್ಕೇ ಬಲೆ ಎತ್ತಿ ಬೋಟು ತಿರುಗಿಸಿದರಂತೆ, ಒಳಗೆ ಮೀನು ಏನೂ ಇರಲಿಲ್ಲ. ಸುತ್ತ ಹನ್ನೆರಡು ಬೋಟುಗಳಿದ್ದವು. ವಯರ್‌ಲೆಸ್‌ನಲ್ಲಿ ಸುದ್ದಿ ಎಲ್ಲರಿಗೂ ಹೋಗಿತ್ತು. ಹನ್ನೊಂದು ಬೋಟು ಹತ್ತಿರ ಬಂದು, ಇಂಜಿನ್ ನಿಲ್ಲಿಸಿ, ಹೆಣಕ್ಕೆ ಕೈ ಮುಗಿದು, ದೂರ ಹೋದವಂತೆ. ಹನ್ನೊಂದೂ ನಮ್ಮ ಪಟ್ಟಿಯವು.

ಒಂದು ಬುಟ್ಟಿ ಮಾತ್ರ ಇತ್ತು. ಪಟ್ಟಿಯಲ್ಲಿಲ್ಲದ ಬೋಟಿನದು.

ಇವತ್ತು ಬೆಳಿಗ್ಗೆ ಆ ಬುಟ್ಟಿ ನಮ್ಮ ಕಂಪೆನಿಯ ಟೆಂಪೋದಲ್ಲಿಯೇ ಬಂತು. ಹಾಜಿಯವರು ಕೋಲೂರಿ ದಕ್ಕೆಗೆ ಇಳಿದು ಖರೀದಿಸಿದ್ದಾರೆ, ಚೌಕಾಸಿ ಇಲ್ಲದೆ. ಸುಮಾರು ಹದಿನೆಂಟು ಕಿಲೋ ಬೊಂಡಾಸ್, ಒಳ್ಳೆಯ ಮಾಲು.

ಜಾಬಿರ್ ಸರ್ ನನ್ನ ಮುಖ ನೋಡಿದರು. ನಾನು ನಮೂನೆ ತೆಗೆದೆ. ಹಿಡಿದ ಬೋಟು: ಬೊಬ್ಬರ್ಯ ಕೃಪಾ, ಪಟ್ಟಿಯಲ್ಲಿಲ್ಲ. ತಂದ ಬೋಟು: ಬೇರೆ. ದಾಟಿಸಿದ್ದರ ಘೋಷಣೆ: ಇಲ್ಲ. ತೀರ್ಮಾನದ ಜಾಗದಲ್ಲಿ 'ತಿರಸ್ಕೃತ' ಎಂದು ಬರೆದು ಕೆಂಪು ಚೀಟಿ ಅಂಟಿಸಿದೆ.

ಹಾಜಿಯವರು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು. ಡ್ರೈವರನಿಗೆ ಹೇಳಿದರು: "ಇದನ್ನು ನಮ್ಮ ಮನೆಗೆ ಕೊಂಡುಹೋಗು. ಝುಬೈದಾಳಿಗೆ ಕೊಡು, ಸಾರು ಮಾಡ್ತಾಳೆ."

ಮತ್ತೆ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ನಿನ್ನ ಗಂಡನ ದಿನ ಹನ್ನೊಂದು ಬುಟ್ಟಿ ಇತ್ತು ಸ್ವರ್ಣ. ತಗೊಂಡದ್ದು ನಾನೇ. ಸಣ್ಣ ಮಗು ಉಂಟು, ಅಕ್ಕ ಬಿ.ಎ. ಓದಿದ್ದಾಳೆ ಅಂತ ಅಲ್ಲಿಯೇ ಕಮಲೇಶ ಹೇಳಿದ್ದು. ಹಾಗೆ ನಿನ್ನನ್ನು ಕರೆಸಿದ್ದು." ಕೋಲೂರಿ ಎದ್ದರು. "ಆ ದಿನ ಬರೆಯುವವರು ಯಾರೂ ಇರಲಿಲ್ಲ. ಒಳ್ಳೆಯದಾಯಿತು."

ನನ್ನ ಅಕ್ಷರ ನೋಡಿ ಕೆಲಸ ಕೊಟ್ಟದ್ದೆಂದು ತಿಳಿದಿದ್ದೆ.

ಮಧ್ಯಾಹ್ನದ ಮೇಲೆ, ಇವತ್ತು ದಕ್ಕೆಗೆ ಬಂದ ಆ ಹನ್ನೊಂದು ಬೋಟುಗಳ ಪ್ರಮಾಣಪತ್ರ ತುಂಬಿದೆ. ದಾಟಿಸಿದ ಮೀನು: ಇಲ್ಲ. ಇಲ್ಲ. ಇಲ್ಲ. ಹದಿನಾಲ್ಕು ವರ್ಷಗಳಲ್ಲಿ ಆ ಕಾಲಂನಲ್ಲಿ ನಾನು ಬರೆದದ್ದು ಪೂರ್ತಿ ನಿಜವಾದದ್ದು ಇವತ್ತೇ.

ಸಂಜೆಯ ವರದಿ: ಪರಿಶೀಲಿಸಿದ್ದು ಹನ್ನೆರಡು, ಕ್ರಮಬದ್ಧ ಹನ್ನೊಂದು, ತಿರಸ್ಕೃತ ಒಂದು. ಓದಿ ನೋಡಿ ಸಹಿ ಹಾಕಿದೆ. ಅಕ್ಷರ ಈಗಲೂ ಚೆನ್ನಾಗಿದೆ.